ಒಬ್ಬರೇ ನಮಾಜ್ ಮಾಡುವಾಗಲೂ ‘ನಾವು’ ಏಕೆ?

ಒಬ್ಬರೇ ನಿಂತು ಕುರ್‌ಆನಿನ ಮೊದಲ ಅಧ್ಯಾಯವಾದ ಅಲ್ ಫಾತಿಹಾ ಪಠಿಸುವಾಗಲೂ ‘ನಾವು’ ಎನ್ನುವುದೇಕೆ, ಕೊನೆಯ ‘ಆಮೀನ್’ ಕೂಡ ಅದರ ಭಾಗವೇ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಸುಲಭ: ಅಲ್ಲ. ಫಾತಿಹಾಕ್ಕೆ ಏಳೇ ಆಯತ್‌ಗಳು (ವಚನಗಳು). ‘ಆಮೀನ್’ ಕುರ್‌ಆನಿನ ಪಠ್ಯದಲ್ಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ‘ಸ್ವೀಕರಿಸು’ ಎಂದು ಕೋರುವ ಮಾತು ಅದು. ಇಸ್ಲಾಮಿನ ಧರ್ಮಶಾಸ್ತ್ರ ಪಂಥಗಳಲ್ಲಿ ಹನಫಿಗಳು ಇದನ್ನು ಮೆಲ್ಲಗೆ ಹೇಳುತ್ತಾರೆ, ಶಾಫಿಗಳು ಗಟ್ಟಿಯಾಗಿ ಪಠಿಸುವ ನಮಾಜಿನಲ್ಲಿ ಗಟ್ಟಿಯಾಗಿಯೇ ಹೇಳುತ್ತಾರೆ.

ಮೊದಲ ಪ್ರಶ್ನೆಯೇ ಸ್ವಾರಸ್ಯದ್ದು. ಆರಂಭದ ಸಾಲುಗಳು ದೇವರ ಬಗ್ಗೆ ಮಾತನಾಡುತ್ತವೆ: ಸರ್ವಲೋಕಗಳ ಪಾಲಕ, ಕರುಣಾಮಯಿ, ತೀರ್ಪಿನ ದಿನದ ಒಡೆಯ. ‘ಇಯ್ಯಾಕ ನಅಬುದು’ (ನಿನ್ನನ್ನೇ ಆರಾಧಿಸುತ್ತೇವೆ) ಎನ್ನುವಲ್ಲಿ ಅದು ತಟ್ಟನೆ ದೇವರೊಂದಿಗಿನ ಮಾತಾಗುತ್ತದೆ. ‘ನಅಬುದು’ವಿನ ಮೊದಲ ‘ನ’ಕಾರವೇ ‘ನಾವು’. ಕನ್ನಡದಲ್ಲಿ ಅದು ‘ಆರಾಧಿಸುತ್ತೇವೆ’ ಎಂದು ಕ್ರಿಯಾಪದದ ಬಾಲಕ್ಕೆ ಬರುತ್ತದೆ. ‘ಇಯ್ಯಾಕ’ ಎಂಬ ಕರ್ಮಪದವನ್ನು ಕ್ರಿಯಾಪದದ ಮುಂದಕ್ಕೆ ತಂದು ಅರಬಿ ಒತ್ತು ಕೊಡುತ್ತದೆ. ನಮಗೆ ಅಷ್ಟು ಕಷ್ಟವಿಲ್ಲ, ಒಂದು ಏಕಾರ ಸಾಕು: ‘ನಿನ್ನನ್ನೇ’.

ಮುಂದಿನ ‘ಇಹ್ದಿನಾ’ ಎಂದರೆ ‘ನಮಗೆ ದಾರಿ ತೋರು’. ‘ನನಗೆ’ ಎಂದಿದ್ದರೆ ‘ಇಹ್ದಿನೀ’ ಆಗುತ್ತಿತ್ತು. ವ್ಯಾಖ್ಯಾನಕಾರರು ಇದಕ್ಕೆ ಎರಡು ಕಾರಣ ಹೇಳುತ್ತಾರೆ. ಒಂದು, ಒಂಟಿಯಾಗಿದ್ದರೂ ಪ್ರಾರ್ಥಿಸುವವನು ಇಡೀ ಸಮುದಾಯದೊಂದಿಗೆ ನಿಂತಿರುತ್ತಾನೆ. ಇನ್ನೊಂದು, ‘ನಾನು ಆರಾಧಿಸುತ್ತೇನೆ’ ಎಂಬಲ್ಲಿ ಇಣುಕುವ ಹಮ್ಮು ಇಲ್ಲಿ ಕರಗುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ. ದಿನದ ಐದು ಕಡ್ಡಾಯ ನಮಾಜ್‌ಗಳಲ್ಲಿ ಒಟ್ಟು 17 ರಕಅತ್‌ಗಳಿವೆ, ಅಂದರೆ ನಿಂತು, ಬಾಗಿ, ಸಾಷ್ಟಾಂಗವೆರಗುವ ಸುತ್ತುಗಳು; ಪ್ರತಿ ಸುತ್ತಿನಲ್ಲೂ ಫಾತಿಹಾ ಪಠಿಸಲಾಗುತ್ತದೆ. ಒಬ್ಬರೇ ಮಾಡಿದರೂ ಅಷ್ಟೂ ಸಲ ಇದೇ ‘ನಾವು’.