ಅಪ್ಪ ಊರ ತುಂಬ ‘ಕಂಪ್ಯೂಟರ್’ ಅಂದಿದ್ದ, ಮಗಳು ಓದಾಕತ್ತಿದ್ದು ಬ್ಯಾರೆ

ಹೆಸರು, ಮನಿ ವಿವರ ಎಲ್ಲಾ ಬದಲಿ ಮಾಡೀನಿ, ಅವರ ಒಪ್ಪಿಗಿ ತಗೊಂಡೇ ಬರ್ಯಾಕತ್ತೀನಿ. ಹುಡುಗಿನ್ನ ಸುಮಾ ಅಂತ ಕರಿಯೂಣು.

ಸುಮಾಗ 20 ವರ್ಷ, ಬಾಗಲಕೋಟಿ ಕಡೀಕಿ, ಅಮೇರಿಕಾದ ಒಂದು ಸಣ್ಣ ಲಿಬರಲ್ ಆರ್ಟ್ಸ್ (ಒಂದೇ ವಿಷಯ ಅಲ್ಲ, ಹಲವು ವಿಷಯ ಕೂಡಿಸಿ ಕಲಿಸೂ) ಕಾಲೇಜಿನಾಗ ಎರಡನೇ ವರ್ಷ ಮುಗಿಸಿ ಸಮ್ಮರ್ ಸೂಟಿಗೆ ಮನಿಗೆ ಬಂದಿದ್ಲು. ಹಗಲೆಲ್ಲಾ ಮಲಗೂದು, ರಾತ್ರಿ ಎಚ್ಚರ ಇರೂದು, ಊಟಕ್ಕ ಕರದ್ರ ಹಸಿವಿಲ್ಲ ಅನ್ನೂದು. ಜೆಟ್ ಲ್ಯಾಗ್ ಇರಬೇಕು ಅಂತ ಅವ್ವ ಸುಮ್ಮನಿದ್ದಳಂತ, ಆದ್ರ ತಿಂಗಳಾದ್ರೂ ಹಂಗೇ ಅದಾಳಂದ್ರ ಯಾವ ಜೆಟ್ ಲ್ಯಾಗು, ಕಡೀಕ ಆ ತಾಯೀನೇ ಮನಸ್ಸಿನ ತ್ರಾಸಿಗೆ ಸಲಹಾ ಕೊಡೂ ನನ್ನ ಹಂತ್ಯಾಕ ಕರಕೊಂಡು ಬಂದ್ಲು.

ಮಾತಾಡೂಮುಂದ ಫೋನಿನ ಕವರ್ ತಗಿಯೂದು ಮತ್ತ ಹಾಕೂದು, ಮುಖ ಎತ್ತವಲ್ಲಳು. ಅವ್ವನ್ನ ಹೊರಗ ಕುಂದರಿಸಿ ಮೊದಲು ನೇರವಾಗೇ ಕೇಳಿದೆ, ಸಾಯಬೇಕು ಅನ್ನೂ ವಿಚಾರ ಏನರ ಬರ್ತೈತೇನವಾ ಅಂತ. ಕೇಳಿದ್ರ ತಲ್ಯಾಗ ಹುಳ ಬಿಟ್ಟಂಗ ಆಕ್ಕೈತಿ ಅಂತ ಭಾಳ ಮಂದಿ ಅಂಜತಾರ, ಅದು ತಪ್ಪು ತಿಳುವಳಿಕೆ, ಕೇಳಲೇಬೇಕು. ಹಂಗೇನಿಲ್ಲ ಮೇಡಂ, ವಾಪಸ್ ಹೋಗೂದಷ್ಟೇ ಬ್ಯಾಡ ಅನಸ್ತೈತಿ ಅಂದ್ಲು. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಫೋನಿನಾಗ ಸೇವ್ ಮಾಡಸಿದೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಹಚ್ಚಬಹುದು, ಕನ್ನಡದಾಗೂ ಮಾತಾಡ್ತಾರ.

ಆಮ್ಯಾಲೆ ಒಂದೊಂದಾಗಿ ಹೊರಗ ಬಂತು. ಎಕನಾಮಿಕ್ಸ್ ಓದತೀನಿ ಅಂತ ಹೇಳಿ ಹೋದಾಕಿ, ಅಲ್ಲಿ ಆಂಥ್ರೊಪಾಲಜಿ ಅಂದ್ರ ಮಾನವಶಾಸ್ತ್ರದ ಕ್ಲಾಸಿಗೆ ಕುಂತು ಅದರಾಗೇ ಬಿದ್ದುಬಿಟ್ಟಾಳ, ಎರಡನೇ ವರ್ಷದ ಕಡೀಕ ಮೇಜರ್ (ಮುಖ್ಯ ವಿಷಯ) ಡಿಕ್ಲೇರ್ ಮಾಡಬೇಕಲ್ಲ, ಅದನ್ನೇ ಬರದು ಕೊಟ್ಟಾಳ, ಮನ್ಯಾಗ ಹೇಳಿಲ್ಲ. ಅಪ್ಪ ಏನು ಮಾಡ್ಯಾನಂದ್ರ, ಎಕನಾಮಿಕ್ಸ್ ಅಂದ್ರೂ ಮಂದಿ ‘ಅಂದ್ರ ಬಿಎ ಏನ್ರಿ? ಅದಕ್ಕ ಅಮೇರಿಕಾ ಯಾಕ, ಬಿಎ ಇಲ್ಲೇ ಐತೆಲ್ಲ’ ಅಂತಾರಂತ ಊರ ತುಂಬ ಕಂಪ್ಯೂಟರ್ ಸೈನ್ಸ್ ಅಂತ ಹೇಳಿಬಿಟ್ಟಾನ. ಮುಧೋಳದಾಗ ಒಂದು ಮದುವಿ, ಬೀಗರ ಪೈಕಿ ಒಬ್ಬಾವ ಮಗನ್ನ ಕರಕೊಂಡು ಬಂದು ‘ತಂಗಿ, ಇವಂಗ ಜಾವಾ ಕಲಿಸಬೇಕೋ ಪೈಥಾನ್ ಕಲಿಸಬೇಕೋ, ನೀನ ಹೇಳವಾ’ ಅಂತ ಎಲ್ಲಾರ ಮುಂದ ಕೇಳ್ಯಾನ. ಅಪ್ಪ ಬಾಜೂಕೇ ನಿಂತಾನ, ಈಕಿ ಕಡೆ ನೋಡವಲ್ಲ. ಈಕಿ ಪೈಥಾನ್ ಅಂತ ಹೇಳಿ ಎದ್ದು ಹೋದಾಕಿ ಊಟಾನೂ ಮಾಡಿಲ್ಲ.

‘ನಾ ಓದೂದು ಅಪ್ಪಗ ನಾಚಿಕಿ ಆಗೈತಿ ಮೇಡಂ.’ ಸಬ್ಜೆಕ್ಟಿನ ಜಗಳ ಅಂತ ಬಂದಿದ್ದ ಕೇಸಿನ ಗಂಟು ಇಲ್ಲಿತ್ತು.

ಕಾಲೇಜು ಬಿಡತೀನಿ ಅಂತ ಆಕಿ ಮೇಲ್ ಟೈಪ್ ಮಾಡಿ ಡ್ರಾಫ್ಟಿನಾಗ ಇಟ್ಟಿದ್ಲು. ಇದಕ್ಕ ಮಾತ್ರ ನಾ ಅಡ್ಡ ಬಿದ್ದೆ, ಬಿಡಬ್ಯಾಡ ಅನ್ನಾಕಲ್ಲ, ಬಿಡೂದಾದ್ರೂ ಅದಕ್ಕೊಂದು ದಾರಿ ಐತಿ ಅಂತ. ಎಫ್-1 ಅಂದ್ರ ಸ್ಟೂಡೆಂಟ್ ವೀಸಾದ ಮ್ಯಾಲೆ ಇದ್ದಾವರು ಮೊದಲು ಕಾಲೇಜಿನ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಬರೀಬೇಕು, ಅವರನ್ನ ಕೇಳದ ಕ್ಲಾಸ್ ಕಡಿಮಿ ಮಾಡಿಕೊಂಡ್ರ ವೀಸಾ ಸ್ಟೇಟಸ್ಸಿಗೇ ಹೊಡತ. ಮನಸ್ಸಿನ ತ್ರಾಸು ಅಂತ ಕ್ಲಾಸಿನ ಲೋಡ್ ಕಡಿಮಿ ಬೇಕಾದ್ರೂ ಅಲ್ಲಿಯ ಲೈಸೆನ್ಸ್ ಇರೂ ಡಾಕ್ಟರ್ ಇಲ್ಲಾ ಸೈಕಾಲಜಿಸ್ಟ್ ಪತ್ರ ಕೊಟ್ರ ಆಫೀಸಿನವರು ಮೊದಲೇ ಪರ್ಮಿಷನ್ ಕೊಡಬಹುದು, ಆ ರಿಯಾಯಿತಿ ಒಂದು ಡಿಗ್ರಿಗೆ ಒಟ್ಟು 12 ತಿಂಗಳ ಮಟ್ಟಿಗೆ ಐತಿ. ಇದೊಂದು ದಾರಿ ಐತಿ ಅಂತಲೇ ಆಕಿಗೆ ಗೊತ್ತಿರಲಿಲ್ಲ.

ಮುಂದಿನ ಸಲ ಅಪ್ಪನ್ನ ಕರಸಿದೆ. ಕಬ್ಬು ಬೆಳೆಯೂ ರೈತ, ಕಡಿಮಿ ಮಾತು. ಬಂದಾವ್ನೇ ‘ನೀವ ಹೇಳ್ರಿ ಮೇಡಮ್ಮರ, ಅದನ್ನ ಓದಿ ಹೊಟ್ಟಿ ತುಂಬತೈತೇನ್ರಿ?’ ಅಂದ. ತುಂಬತೈತೋ ಇಲ್ಲೋ ಆಮ್ಯಾಲೆ ನೋಡೂಣು ಅಣ್ಣಾರ, ನಿಮಗ ಅಂಜಿಕಿ ಯಾವ್ದರದು ಅಂತ ಕೇಳಿದೆ. ಭಾಳ ಹೊತ್ತು ಸುಮ್ಮನ ಕುಂತು ಸೈಟಿನ ವಿಷಯ ತಗದ. ಆಲಮಟ್ಟಿ ಹಿನ್ನೀರಿನಾಗ ಇವರ ಹೊಲ ಮುಳುಗಡಿ ಆಗಿ, ಪರಿಹಾರದ ರೊಕ್ಕದಾಗ ಒಂದಿಷ್ಟು ಹೊಲ ತಗೊಂಡು, ಉಳದದ್ದರಾಗ ನವನಗರದಾಗ ಒಂದು ಸೈಟು ಮಾಡಿದ್ರಂತ. ಕಾಲೇಜಿನವರು ಕೊಟ್ಟ ಏಡ್ (ಸಹಾಯಧನ) ಹೋಗಿ ಉಳದದ್ದಕ್ಕ ಸಾಲ ಬೇಕಿತ್ತು, ಹೊಲ ಒತ್ತಿ ಇಟಗೊಂಡು ಫಾರಿನ್ ಎಜುಕೇಷನ್ ಲೋನ್ ಕೊಡಾಕ ಬ್ಯಾಂಕಿನವರು ಮನಸ್ಸು ಮಾಡಂಗಿಲ್ಲ, ಯಾಕಂದ್ರ ವಸೂಲಿಗೆ ಅವರು ಬಳಸೂ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಹತ್ತಂಗಿಲ್ಲ, ಹಿಂಗಾಗಿ ಸೈಟೇ ಒತ್ತಿ ಹೋತು ಬ್ಯಾಂಕಿಗೆ. ‘ಒಂದು ಸಲ ನೀರಿಗೆ ಹೋತ್ರಿ. ಇನ್ನೊಂದು ಸಲ ಹೋದ್ರ ನನ್ನ ಕೈಲೆ ಆಗಂಗಿಲ್ಲ.’

ಬಾಜೂಕ ಕುಂತಿದ್ದ ಮಗಳು ಇದನ್ನ ಮೊದಲ ಸಲ ಕೇಳಿದ್ದಂತ. ಆಕಿಗೆ ಗೊತ್ತಿದ್ದದ್ದು ‘ಲೋನ್ ಆಗೈತಿ’ ಅಷ್ಟೇ. ಅಪ್ಪಗೂ ಅಷ್ಟೇ, ಆಂಥ್ರೊಪಾಲಜಿ ಪೇಪರ್ ಒಂದರಾಗ ಮುಳುಗಡಿ ಊರಿನ ಮಂದಿ ಬಗ್ಗೇನೇ ಆಕಿ ಬರದದ್ದು ಗೊತ್ತಿರಲಿಲ್ಲ. ‘ಯಾರನ್ನ ಕೇಳಿ ಬರದಿ?’ ಅಂದ. ಲೈಬ್ರರಿ ಪುಸ್ತಕ ನೋಡಿ ಅಂದ್ಲು. ‘ನಾ ಇದ್ದೆನೆಲ್ಲಬೇ’ ಅಂದ, ಸ್ವಲ್ಪ ಸಿಟ್ಟೂ ಇತ್ತು ಅದರಾಗ.

ನಾ ಕೊಟ್ಟ ಸಲಹಾ ಏನಂದ್ರ, ಇಬ್ಬರೂ ಕೂಡಿ ಒಂದು ನೋಟ್‌ಬುಕ್ಕಿನಾಗ ಲೆಕ್ಕಾ ಬರೀರಿ. ಸಾಲ ಎಷ್ಟು, ಓದು ಮುಗದು ಎಷ್ಟು ತಿಂಗಳಿಗೆ ಕಂತು ಶುರು (ಸಾಮಾನ್ಯವಾಗಿ ಒಂದು ವರ್ಷದ ತನಕ ಬಿಡತಾರ, ನಿಮ್ಮ ಸ್ಯಾಂಕ್ಷನ್ ಲೆಟರ್ ನೋಡ್ರಿ), ಅಲ್ಲೀತನಕ ಬಡ್ಡಿ ಎಷ್ಟು ಬೆಳೀತೈತಿ. ಈ ಅಂಕಿ ಇಲ್ಲದ ಸಬ್ಜೆಕ್ಟ್ ಬಗ್ಗೆ ಮಾತಾಡಿದ್ರ ಅದು ಮಾನ ಮರ್ಯಾದಿ ಜಗಳೇ ಆಕ್ಕೈತಿ. ನಾಲ್ಕು ವರ್ಷದ ಡಿಗ್ರಿಯೊಳಗ ಮೇಜರ್ ಅನ್ನೂದು ಸುಮಾರು ಮೂರರಾಗ ಒಂದು ಭಾಗ, ಉಳದದ್ದು ಗಣಿತ, ವಿಜ್ಞಾನ, ಭಾಷೆ ಎಲ್ಲಾ ಬರ್ತೈತಿ ಅಂತ ಅಪ್ಪಗ ಬಿಡಿಸಿ ಹೇಳಿದೆ, ಆಕಿ ಟ್ರಾನ್ಸ್‌ಕ್ರಿಪ್ಟಿನಾಗ ಸ್ಟ್ಯಾಟಿಸ್ಟಿಕ್ಸಿಗೆ ಎ ಗ್ರೇಡ್ ಇದ್ದದ್ದು ತೋರಿಸಿದೆ.

ಮಗಳಿಗೂ ಬಿಡಲಿಲ್ಲ. ‘ನನ್ನ ಪ್ಯಾಶನ್’ ಅಂದ್ರ ಬ್ಯಾಂಕಿನವ ಕೇಳಂಗಿಲ್ಲವಾ ಅಂದೆ. ಈಗಿನ ನಿಯಮದಾಗ ಡಿಗ್ರಿ ಆದಮ್ಯಾಲೆ ಅಲ್ಲಿ ಕೆಲಸಕ್ಕ ಒಪಿಟಿ (ಓದಿದ ವಿಷಯದಾಗ ಕೆಲಸ ಮಾಡೂ ಪರ್ಮಿಷನ್) 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯ ಮೇಜರ್ ಇದ್ರ ಇನ್ನೂ 24 ತಿಂಗಳು. ಆಂಥ್ರೊಪಾಲಜಿ ಆ ಪಟ್ಟಿಯಾಗ ಇಲ್ಲ. ಎಕನಾಮಿಕ್ಸನ್ನ ಕೆಲವು ಕಾಲೇಜು ಎಕನೊಮೆಟ್ರಿಕ್ಸ್ (ಅಂಕಿ-ಸಂಖ್ಯೆ ಹಚ್ಚಿ ಮಾಡೂ ಅರ್ಥಶಾಸ್ತ್ರ) ಅನ್ನೂ ಕೋರ್ಸಿನ ಕೋಡಿನಾಗ ಹಾಕಿರತಾವ, ಅದು ಪಟ್ಟಿಯಾಗ ಐತಿ, ಎರಡು ಮೇಜರ್ ಮಾಡಿದ್ರ ಒಂದು ಸ್ಟೆಮ್ ಇದ್ರೂ ಸಾಕು, ಕೆಲಸ ಮಾತ್ರ ಅದಕ್ಕ ಸಂಬಂಧಪಟ್ಟದ್ದಿರಬೇಕು. ನಿಮ್ಮ ಕಾಲೇಜಿನ ಕೋಡ್ ಯಾವ್ದು ಅಂತ ಇವತ್ತೇ ಮೇಲ್ ಹಾಕಿ ಕೇಳು ಅಂದೆ.

ಒಂದು ಹೋಂವರ್ಕ್ ಕೊಟ್ಟೆ, ಹೊರಡೂದರೊಳಗ ಅಪ್ಪನ ಮುಳುಗಡಿ ಕಥಿ ಪೂರ್ತಿ ಕೇಳಿ ಫೋನಿನಾಗ ರೆಕಾರ್ಡ್ ಮಾಡ್ಕೊ ಅಂತ. ಊರಿನವರಿಗೆ ಏನು ಹೇಳಬೇಕು ಅನ್ನೂದನ್ನ ಮಾತ್ರ ಅಪ್ಪಗ ಒತ್ತಾಯ ಮಾಡಲಿಲ್ಲ, ಮದುವಿ ಮನ್ಯಾಗ ಸತ್ಯ ಹೇಳ್ರಿ ಅನ್ನೂದು ನನಗ ಸಸಾರ, ಅವಂಗಲ್ಲ. ಇನ್ನ ಮುಂದ ಕಂಪ್ಯೂಟರ್ ಅನ್ನೂದೊಂದು ಬಿಡ್ರಿ ಅಂದೆ, ಅಷ್ಟೇ.

ಕೋಡ್ ಆ ಪಟ್ಟಿಯದ್ದೇ ಅಂತ ಉತ್ತರ ಬಂತು. ಆಗಸ್ಟಿನಾಗ ಆಕಿ ವಾಪಸ್ ಹೋದ್ಲು, ಈಗ ಎರಡೂ ಮೇಜರ್ ಹಿಡದಾಳ, ಕೋರ್ಸ್ ಜಾಸ್ತಿ ಆಗಿ ಒದ್ದಾಡಾಕತ್ತಾಳ, ಕಾಲೇಜಿನ ಕೌನ್ಸೆಲಿಂಗ್ ಸೆಂಟರಿಗೂ ಹೋಗ್ತಾಳ. ಅಪ್ಪ ಕೇಳಿದಾವರಿಗೆ ಎಕನಾಮಿಕ್ಸ್ ಅಂತಾನ, ಇನ್ನೊಂದರ ಹೆಸರು ತಗಿಯಂಗಿಲ್ಲ. ಸದ್ಯಕ್ಕ ಇಷ್ಟ ಸಾಕ್ರಿ ಮೇಡಂ ಅಂದ್ಲು ಸುಮಾ.