ಮುಂದಿನ ಸೀಟು ಮಗುವಿಗೆ ಯಾವಾಗ? ಹದಿಮೂರಕ್ಕೆ ಮೊದಲು ಕೇಳಲೇಬೇಡಿ

ಬೇಸಿಗೆ ರಜೆ ಬಂದರೆ ಸಾಕು, ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಕಾರು ಹತ್ತಿಕೊಂಡೇ ಬರುತ್ತವೆ. ಮಕ್ಕಳ ತುರ್ತು ಚಿಕಿತ್ಸೆ ನನ್ನ ಕೆಲಸ. ಜ್ವರದ ಔಷಧಿ ಎಷ್ಟು ಎಂ.ಎಲ್. ಅಂತ ಕೇಳುವವರು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಾರೆ. ಮುಂದಿನ ಸೀಟಿನ ಬಗ್ಗೆ ಕೇಳುವವರು ಮಾತ್ರ "ಹೂಂ, ಕೂರಿಸಿ ಪರವಾಗಿಲ್ಲ" ಅನ್ನಿಸಿಕೊಳ್ಳೋಕೆ ಅಂತಲೇ ಕೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ. ಬೆಲ್ಟ್ ಯಾಕೆ ಹಾಕಬೇಕು ಅನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ, ಅದು ಗೊತ್ತಿಲ್ಲದವರು ಕಾರು ಓಡಿಸಬಾರದು.

ಪ್ರಶ್ನೆ: ನಮ್ಮ ಮಗನಿಗೆ ಏಳು ವರ್ಷ. ಹಿಂದೆ ಕೂರಿಸಿದರೆ ರಂಪ ಮಾಡುತ್ತಾನೆ. ಮುಂದೆ ಕೂರಿಸುವಾಗ ಬೆಲ್ಟ್ ತಪ್ಪದೆ ಹಾಕುತ್ತೇವೆ. ಕಾರಿನಲ್ಲಿ ಆರು ಏರ್‌ಬ್ಯಾಗ್ ಇವೆ. ಊರೊಳಗೆ 40ರ ಮೇಲೆ ಹೋಗುವುದಿಲ್ಲ. ಎಷ್ಟು ವರ್ಷಕ್ಕೆ ಮುಂದೆ ಕೂರಿಸಬಹುದು? ಕಾನೂನು ಏನು ಹೇಳುತ್ತದೆ? (ದಾವಣಗೆರೆಯ ಓದುಗರು)

ಉತ್ತರ: ಹದಿಮೂರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇಷ್ಟೇ, 13 ತುಂಬದ ಮಕ್ಕಳೆಲ್ಲ ಹಿಂದೆ. ಹನ್ನೆರಡೂವರೆಗೆ ರಿಯಾಯಿತಿ ಇದೆಯಾ ಅಂತ ಮತ್ತೆ ಬರೆಯಬೇಡಿ.

ಕಾನೂನಿನ ವಿಷಯ ಬೇಗ ಮುಗಿಸೋಣ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿ 194ಬಿ ಕಲಂ ಬಂತು. 14 ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಮುಂದೆಯೋ ಹಿಂದೆಯೋ ಅನ್ನುವುದು ಆ ಕಲಮಿನಲ್ಲಿ ಇಲ್ಲ. "ಹಾಗಾದರೆ ಕೂರಿಸಬಹುದು ಅಂತಾಯ್ತಲ್ಲ ಡಾಕ್ಟ್ರೇ" ಅನ್ನುವವರಿಗೆ ಒಂದು ಮಾತು. ದಂಡ ಇಲ್ಲ ಅಂದ ಮಾತ್ರಕ್ಕೆ ಮಗುವಿನ ಕತ್ತು ಗಟ್ಟಿಯಾಗುವುದಿಲ್ಲ.

ಈಗ ನಿಮ್ಮ ಆರು ಏರ್‌ಬ್ಯಾಗ್. ಏರ್‌ಬ್ಯಾಗ್ ಮೆತ್ತನೆಯ ದಿಂಬು ಅಂತ ಜನ ತಿಳಿದುಕೊಂಡಿದ್ದಾರೆ. ಡಿಕ್ಕಿಯಾದ ಕೂಡಲೇ ಒಳಗಿನ ರಾಸಾಯನಿಕ ಉರಿದು ಅನಿಲ ತುಂಬುತ್ತದೆ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಆಗುವಷ್ಟರಲ್ಲಿ ಚೀಲ ಉಬ್ಬಿರುತ್ತದೆ. ಡ್ಯಾಶ್‌ಬೋರ್ಡ್ ಸೀಳಿಕೊಂಡು ಅದು ಹೊರಗೆ ನುಗ್ಗುವ ವೇಗ ಗಂಟೆಗೆ 300 ಕಿ.ಮೀ.ವರೆಗೂ ಇರಬಹುದು. ಬೆಲ್ಟ್ ಹಾಕಿಕೊಂಡು ಸೀಟಿಗೆ ಬೆನ್ನು ಕೊಟ್ಟು ಕೂತ ದೊಡ್ಡವರನ್ನು ಮನಸ್ಸಿನಲ್ಲಿಟ್ಟು ಅದರ ಅಳತೆ ಮಾಡಿರುತ್ತಾರೆ. ಚೀಲ ಪೂರ್ತಿ ಉಬ್ಬಿದ ಮೇಲೆ ಅವರ ಎದೆ, ಮುಖ ಅದಕ್ಕೆ ತಾಗಬೇಕು ಅನ್ನುವುದು ಲೆಕ್ಕಾಚಾರ.

ನಿಮ್ಮ ಮಗ ಹಾಗೆ ಕೂರುತ್ತಾನಾ? ಹಾಡು ಬದಲಾಯಿಸೋಕೆ ಮುಂದೆ ಬಗ್ಗಿರುತ್ತಾನೆ. ಕೆಳಗೆ ಬಿದ್ದ ಬಿಸ್ಕತ್ತು ಹೆಕ್ಕುತ್ತಿರುತ್ತಾನೆ. ಇಲ್ಲವೇ ಸೀಟಿನ ತುದಿಗೆ ಜಾರಿಕೊಂಡು ರಸ್ತೆ ನೋಡುತ್ತಿರುತ್ತಾನೆ. ಡಿಕ್ಕಿಗೆ ಮುಂಚೆ ನೀವು ಬ್ರೇಕ್ ತುಳಿದಾಗ ಇನ್ನೂ ಮುಂದಕ್ಕೆ ಬರುತ್ತಾನೆ. ಚೀಲ ಇನ್ನೂ ಉಬ್ಬುತ್ತಿರುವಾಗಲೇ ಅವನ ಗದ್ದ ಅಲ್ಲಿರುತ್ತದೆ. ಅದು ಗದ್ದಕ್ಕೆ ಕೆಳಗಿನಿಂದ ಹೊಡೆದು ತಲೆಯನ್ನು ಹಿಂದಕ್ಕೆ ಎತ್ತುತ್ತದೆ. ತಲೆಬುರುಡೆಯೂ ಕತ್ತಿನ ಮೊದಲ ಮೂಳೆಯೂ ಸೇರುವ ಜಾಗ ಮಕ್ಕಳಲ್ಲಿ ಇನ್ನೂ ಸಡಿಲ. ಮೈಗೆ ಹೋಲಿಸಿದರೆ ತಲೆ ಭಾರ, ಕತ್ತಿನ ಸ್ನಾಯು ಎಳಸು. ಅಲ್ಲಿ ಕಿತ್ತುಕೊಂಡರೆ ನಾವು ಮಾಡುವುದು ಏನೂ ಉಳಿದಿರುವುದಿಲ್ಲ.

ಅಮೆರಿಕದವರು ಇದನ್ನು 1990ರ ದಶಕದಲ್ಲಿ ಮಕ್ಕಳನ್ನು ಕಳೆದುಕೊಂಡು ಕಲಿತರು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕದಂತೆ 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಮುಂದಿನ ಏರ್‌ಬ್ಯಾಗಿನಿಂದಲೇ ಸತ್ತವರು 290ಕ್ಕೂ ಹೆಚ್ಚು. ಡ್ರೈವರ್ ಪಕ್ಕ ಕೂತು ಸತ್ತವರಲ್ಲಿ ಬಹುಪಾಲು ಮಕ್ಕಳು. ಆಮೇಲೆ ಏರ್‌ಬ್ಯಾಗಿನ ಹೊಡೆತ ತಗ್ಗಿಸಿದರು, ಸಾವು ತುಂಬಾ ಕಡಿಮೆಯಾಯಿತು. ಆದರೂ ಮಕ್ಕಳು ಹಿಂದೆಯೇ ಕೂರಬೇಕು ಅನ್ನುವ ಸಲಹೆಯನ್ನು ಅವರು ಬದಲಾಯಿಸಲಿಲ್ಲ.

ನಮ್ಮಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಆಗಿದ್ದು 2021ರ ಕೊನೆಗೆ. ಅದಕ್ಕೇ "ನಮ್ಮಪ್ಪ ನನ್ನನ್ನು ಅಂಬಾಸಿಡರ್‌ನಲ್ಲಿ ಮುಂದೆ ನಿಲ್ಲಿಸಿಕೊಂಡೇ ಧರ್ಮಸ್ಥಳಕ್ಕೆ ಹೋಗುತ್ತಿದ್ದರು, ನಾನೇನು ಸತ್ತೆನಾ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಆ ಗಾಡಿಯಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಹಾಗೆ ಹೋಗಿ ಬದುಕದವರು ಈ ವಾದ ಮಾಡೋಕೆ ಬರುವುದೂ ಇಲ್ಲ. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಮ್ಮನ ತೊಡೆಯ ಮೇಲೆ ಮುಂದೆ ಕೂತಿದ್ದ ಪುಟ್ಟ ಮಗು ಏರ್‌ಬ್ಯಾಗ್ ತೆರೆದಾಗ ಸತ್ತಿತು. ಅದೇ ವರ್ಷ ನವಿ ಮುಂಬೈಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗ ಹೋದ. ಎರಡೂ ಪೇಪರಿನಲ್ಲಿ ಬಂದಿದ್ದವು. ಒಂದು ವಾರ ಎಲ್ಲರೂ ಮಕ್ಕಳನ್ನು ಹಿಂದೆ ಕೂರಿಸಿದರು.

ಬೆಲ್ಟಿನ ಮಾತಿಗೆ ಬರೋಣ. ಕಾರಿನ ಬೆಲ್ಟ್ ಎರಡು ಗಟ್ಟಿ ಮೂಳೆಗಳನ್ನು ನಂಬಿಕೊಂಡಿದೆ, ಮೇಲೆ ಹೆಗಲು, ಕೆಳಗೆ ಸೊಂಟದ ಎಲುಬು. ಸೊಂಟದ ಎಲುಬಿನ ಮುಂದಿನ ಏಣು ಚೆನ್ನಾಗಿ ಬೆಳೆಯುವುದು ಹತ್ತು ವರ್ಷದ ಆಚೀಚೆ. ಅಲ್ಲಿಯವರೆಗೆ ಬೆಲ್ಟಿನ ಕೆಳಪಟ್ಟಿಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ, ಜಾರಿ ಹೊಟ್ಟೆಗೆ ಏರುತ್ತದೆ. ಮೇಲಿನ ಪಟ್ಟಿ ಕತ್ತು ಕೊಯ್ಯುತ್ತದೆ ಅಂತ ಹುಡುಗ ಅದನ್ನು ಬೆನ್ನ ಹಿಂದೆ ಹಾಕಿಕೊಳ್ಳುತ್ತಾನೆ. ಆಮೇಲೆ ಡಿಕ್ಕಿಯಾದರೆ ಮೈ ಹೊಟ್ಟೆಯ ಹತ್ತಿರ ಮಡಚುತ್ತದೆ. ಕರುಳು ಹರಿಯುತ್ತದೆ, ಸೊಂಟದ ಮೇಲಿನ ಬೆನ್ನುಮೂಳೆ ಅಡ್ಡಡ್ಡ ಸೀಳುತ್ತದೆ. ಅಂಥ ಮಗುವಿನ ಹೊಟ್ಟೆಯ ಮೇಲೆ ಬೆಲ್ಟಿನ ಅಗಲಕ್ಕೆ ಸರಿಯಾಗಿ ಒಂದು ನೀಲಿ ಪಟ್ಟೆ ಮೂಡಿರುತ್ತದೆ. ಅದನ್ನು ನೋಡಿದರೆ ಮಗು ಆಡಿಕೊಂಡಿದ್ದರೂ ನಾವು ಮನೆಗೆ ಕಳಿಸುವುದಿಲ್ಲ. ಕರುಳಿನ ಗಾಯ ಮಾರನೇ ದಿನ ಗೊತ್ತಾಗುವುದೂ ಉಂಟು.

ಇವತ್ತು ಸಂಜೆ ಕಾರು ನಿಂತಿರುವಾಗಲೇ ಮಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿ. ಬೆನ್ನು ಸೀಟಿಗೆ ಪೂರ್ತಿ ಒರಗಿರಬೇಕು. ಹಾಗೆ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಪಾದ ನೆಲ ಮುಟ್ಟಬೇಕು. ಕೆಳಪಟ್ಟಿ ತೊಡೆಯ ಬುಡದಲ್ಲಿ, ಮೇಲ್ಪಟ್ಟಿ ಹೆಗಲಿನ ನಡುವೆ ಬರಬೇಕು. ಏಳು ವರ್ಷದವನಿಗೆ ಕಾಲು ನೇರ ಚಾಚಿಕೊಂಡಿರುತ್ತದೆ, ಪಟ್ಟಿ ಕಿವಿಯ ಹತ್ತಿರ ಇರುತ್ತದೆ. ಅಂದರೆ ಅವನಿಗೆ ಬೂಸ್ಟರ್ ಸೀಟು ಬೇಕು, ಮಗುವನ್ನು ಎತ್ತರಿಸಿ ಬೆಲ್ಟ್ ಸರಿಯಾದ ಜಾಗಕ್ಕೆ ಬರುವಂತೆ ಮಾಡುವ ಸೀಟು ಅದು. ಸುಮಾರು 145 ಸೆಂ.ಮೀ., ಅಂದರೆ ನಾಲ್ಕು ಅಡಿ ಒಂಬತ್ತು ಇಂಚು ಎತ್ತರ ಬರುವವರೆಗೂ ಬೇಕು. ಕೆಳಗೆ ತಲೆದಿಂಬು ಇಟ್ಟರೆ ಆಗುವುದಿಲ್ಲ, ಅದು ಜಾರುತ್ತದೆ. ಬೂಸ್ಟರಿಗೆ ಮೂರು ಕಡೆ ಹಿಡಿಯುವ ಬೆಲ್ಟೇ ಬೇಕು. ಹಳೆ ಕಾರುಗಳಲ್ಲಿ ಹಿಂದಿನ ನಡುಸೀಟಿಗೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಅಲ್ಲಿ ಇಡಬೇಡಿ. ಎಡಗಡೆ ಇಡಿ, ಇಳಿಯುವಾಗ ಫುಟ್‌ಪಾತ್ ಕಡೆ ಇಳಿಯುತ್ತಾನೆ.

ನಲವತ್ತರ ವೇಗ ಏನೂ ಅಲ್ಲ ಅಂದುಕೊಂಡಿದ್ದೀರಿ. ಆ ವೇಗದಲ್ಲಿ ಗೋಡೆಗೆ ಗುದ್ದುವುದು ಎರಡನೇ ಮಹಡಿಯಿಂದ ನೆಲಕ್ಕೆ ಬಿದ್ದಷ್ಟೇ. ಗಟ್ಟಿ ವಸ್ತುವಿಗೆ ಗುದ್ದಿದರೆ ಇಪ್ಪತ್ತು, ಇಪ್ಪತ್ತೈದರಲ್ಲೂ ಏರ್‌ಬ್ಯಾಗ್ ತೆರೆಯಬಹುದು. ದಾವಣಗೆರೆಯಲ್ಲಿ ಡಿವೈಡರ್‌ಗಳಿಗೇನು ಬರವೇ?

ಉಳಿದಿದ್ದು ರಂಪ. ಇಂಜೆಕ್ಷನ್ ಚುಚ್ಚುವಾಗಲೂ ಅಳುತ್ತಾನೆ, ಬಿಟ್ಟುಬಿಡುತ್ತೀರಾ? ಎರಡು ವಾರ ಅಳುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ನಿಮ್ಮ ಮನೆಯಲ್ಲಿ ಸುಮ್ಮನಾಗದವರು ಬೇರೆ ಯಾರೋ ಇರಬಹುದು. "ಪಾಪ, ಮಗು ಅಳ್ತಿದೆ, ಮುಂದೆ ಕೂರಿಸ್ಕೋ" ಅನ್ನುವ ಅಜ್ಜಿಗೆ ಈ ಪುಟ ಓದಿ ಹೇಳಿ. ನನ್ನ ಮಗಳಿಗೂ ಮುಂದಿನ ಬಾಗಿಲು ಇನ್ನೂ ತೆರೆದಿಲ್ಲ. ಅವಳ ಕ್ಲಾಸಿನಲ್ಲಿ ಹಿಂದೆ ಕೂರುವವಳು ತಾನೊಬ್ಬಳೇ ಅಂತ ದಿನಾ ದೂರು.

ಹಿಂದಿನ ಸೀಟೇ ಇಲ್ಲದ ಗಾಡಿ, ಇಲ್ಲವೇ ಹಿಂದೆ ಮೂರು ಚಿಕ್ಕ ಮಕ್ಕಳು ಈಗಾಗಲೇ ಇದ್ದಾರೆ, ಇಂಥ ಕಡೆ ಮಾತ್ರ ರಾಜಿ. ಎಲ್ಲರಿಗಿಂತ ಎತ್ತರದ ಮಗು ಮುಂದೆ ಬರಲಿ. ಎತ್ತರ ಸಾಲದಿದ್ದರೆ ಬೂಸ್ಟರೂ ಜೊತೆಗೆ ಬರಲಿ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಒರಗು ನೆಟ್ಟಗಿರಲಿ. ಕಾಲು ಡ್ಯಾಶ್‌ಬೋರ್ಡ್ ಮೇಲೆ ಹೋಗಬಾರದು. ಹದಿಮೂರಾದ ಮೇಲೂ ಇದೇ ಕ್ರಮ. ಮಾವನವರಿಗೆ ಮಂಡಿನೋವು, ಅವರು ಮುಂದೆ ಕೂರಬೇಕು ಅಂದರೆ ತುಂಬಾ ಒಳ್ಳೆಯದು, ಏರ್‌ಬ್ಯಾಗ್ ಮಾಡಿರುವುದೇ ದೊಡ್ಡವರಿಗೆ.

ಪ್ರಶ್ನೆ: ಹತ್ತು ತಿಂಗಳ ಮಗುವನ್ನು ನಾನು ಮುಂದೆ ಮಡಿಲಲ್ಲಿ ಇಟ್ಟುಕೊಂಡು, ಇಬ್ಬರಿಗೂ ಸೇರಿಸಿ ಬೆಲ್ಟ್ ಹಾಕುತ್ತೇನೆ. ಸರಿ ತಾನೇ? (ಹಾಸನ)

ಉತ್ತರ: ಇದಕ್ಕಿಂತ ಕೆಟ್ಟ ಜಾಗ ಕಾರಿನಲ್ಲಿಲ್ಲ. ಮುಂದೆ ಏರ್‌ಬ್ಯಾಗ್, ಹಿಂದೆ ನಿಮ್ಮ ಭಾರ, ನಡುವೆ ಮಗು. ಬೆಲ್ಟ್ ಬಿಚ್ಚಿ ಕೈಯಲ್ಲಿ ಗಟ್ಟಿ ಹಿಡಿದುಕೊಂಡರೂ ಆಗುವುದಿಲ್ಲ. 40ರ ವೇಗದಲ್ಲಿ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹತ್ತು ಕೆ.ಜಿ. ಮಗುವನ್ನು ತಡೆಯೋಕೆ ನೂರು ಕೆ.ಜಿ.ಗೂ ಮೀರಿದ ಹಿಡಿತ ಬೇಕು. ಯಾವ ತಾಯಿಯ ತೋಳಿಗೂ ಅದು ಆಗದ ಮಾತು. ಹಿಂದೆ ನೋಡುವ ಶಿಶು ಸೀಟು ತಂದು ಹಿಂದಿನ ಸೀಟಿಗೆ ಬಿಗಿಯಿರಿ. ಅದನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಕಟ್ಟಿದರೆ, ಚೀಲ ಬಡಿಯುವುದು ಮಗುವಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೇ. ಬಿಸಿಲುಪಟ್ಟಿಯ (ಸನ್ ವೈಸರ್) ಮೇಲೆ ಮಗುವಿನ ಚಿತ್ರಕ್ಕೆ ಅಡ್ಡಗೀಟು ಎಳೆದ ಸ್ಟಿಕರ್ ಇರುವುದು ಅದಕ್ಕೇ. ಅಂದ ಕೆಡುತ್ತೆ ಅಂತ ಕಿತ್ತು ಹಾಕಬೇಡಿ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಮಗಳು (9) ಹಿಂದೆ ಕೂತರೆ ವಾಂತಿ ಮಾಡುತ್ತಾಳೆ. ಮುಂದೆ ಕೂರಿಸಿದರೆ ಇಲ್ಲ. ಏನು ಮಾಡಲಿ? (ಚಿಕ್ಕಮಗಳೂರು)

ಉತ್ತರ: ವಾಂತಿಯಿಂದ ಬಟ್ಟೆ ಕೆಡುತ್ತದೆ, ಅಷ್ಟೇ. ಬೂಸ್ಟರಿನಿಂದ ಎತ್ತರ ಸಿಕ್ಕಿ ಕಿಟಕಿಯಾಚೆ ದೂರದ ರಸ್ತೆ ಕಂಡರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಮೊಬೈಲ್ ಕೊಡಬೇಡಿ. ಹೊಟ್ಟೆ ಬಿರಿಯೆ ತಿನ್ನಿಸಿ ಘಾಟಿ ಹತ್ತಬೇಡಿ, ತಿರುವಿನಲ್ಲಿ ನಿಧಾನ ಹೋಗಿ, ನಡುವೆ ನಿಲ್ಲಿಸಿ. ನ್ಯೂಸ್ ಪೇಪರ್ ಮೇಲೆ ಕೂರಿಸಿದರೆ ವಾಂತಿ ನಿಲ್ಲುತ್ತೆ ಅನ್ನುವುದು ಸುಳ್ಳು, ಪೇಪರ್ ವಾಂತಿ ಒರೆಸೋಕೆ ಬೇಕಾಗುತ್ತದೆ. ಮೆಡಿಕಲ್ ಷಾಪಿನವರು ಕೊಟ್ಟ ಮಾತ್ರೆಯನ್ನು ಒಡೆದು ಚಿಕ್ಕ ತಮ್ಮನಿಗೂ ಕೊಡಬೇಡಿ. ಅದರಲ್ಲಿ ಪ್ರೊಮೆಥಜಿನ್ ಇದ್ದರೆ, ಎರಡು ವರ್ಷದೊಳಗಿನ ಮಗುವಿಗೆ ಉಸಿರೇ ನಿಲ್ಲಬಹುದು.

ಪ್ರಶ್ನೆ: ಸಣ್ಣ ಡಿಕ್ಕಿಯಾದ ಮೇಲೆ ಮಗನಿಗೆ ಕತ್ತು ನೋವು. ಉಳುಕು ತೆಗೆಯುವವರಿಗೆ ತೋರಿಸಬಹುದೇ? (ಮಂಡ್ಯ)

ಉತ್ತರ: ಬೇಡ. ಬೇಡ. ಬೇಡ. ಎಣ್ಣೆ ಹಚ್ಚಿ, ಕತ್ತನ್ನು ಆ ಕಡೆ ಈ ಕಡೆ ಲಟ್ ಅನ್ನಿಸಿ, "ನರ ಕೂತಿತ್ತು, ಎದ್ದಿತು" ಅನ್ನುವ ಈ ಮಹಾಶಯರ ಮೇಲೆ ನನಗಿರುವ ಸಿಟ್ಟು ಬರೆದರೆ ಪತ್ರಿಕೆಯವರು ಅಚ್ಚು ಹಾಕಲಾರರು. ಮಕ್ಕಳ ಕತ್ತಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೇ ಬೆನ್ನುಹುರಿಗೆ ಪೆಟ್ಟು ಬಿದ್ದಿರಬಹುದು. ಅಂಥ ಕತ್ತನ್ನು ತಿರುಗಿಸಿದರೆ ನಡೆದುಕೊಂಡು ಹೋದ ಹುಡುಗನನ್ನು ಎತ್ತಿಕೊಂಡು ಬರಬೇಕಾಗುತ್ತದೆ. ಕತ್ತು ಅಲುಗಾಡದಂತೆ ಆಸ್ಪತ್ರೆಗೆ ಹೋಗಿ. ಕೈಕಾಲು ಜುಮ್ಮೆನ್ನುತ್ತಿದೆ, ಬಲ ಇಲ್ಲ ಅಂದರೆ ನೀವು ಎತ್ತಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಬೆಲ್ಟ್ ಅಲಾರಂ ನಿಲ್ಲಿಸುವ ಕ್ಲಿಪ್ ಹಾಕಿದ್ದೇವೆ. ತೊಂದರೆ ಇಲ್ಲ ಅಲ್ವಾ? (ಬೆಂಗಳೂರು)

ಉತ್ತರ: ಕಿತ್ತು ಬಿಸಾಡಿ. 2023ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಇವನ್ನು ತೆಗೆಸಿತ್ತು.

ಪ್ರಶ್ನೆ: ಸನ್‌ರೂಫ್‌ನಲ್ಲಿ ಮಕ್ಕಳು ನಿಲ್ಲಬಹುದೇ, ನಿಧಾನ ಹೋದರೆ? (ಮೈಸೂರು)

ಉತ್ತರ: ಇಲ್ಲ.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಇಲ್ಲಿ ಎಂಟು ವರ್ಷದ ಮಗುವನ್ನೂ ಬೂಸ್ಟರ್ ಹಾಕಿ ಮುಂದೆ ಕೂರಿಸುತ್ತಾರಲ್ಲ?

ಉತ್ತರ: ಹೌದು, ಜರ್ಮನಿಯ ಕಾನೂನಿನಲ್ಲಿ ಅವಕಾಶ ಇದೆ. 12 ತುಂಬದ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಮಕ್ಕಳ ಸೀಟು ಅಲ್ಲಿ ಕಡ್ಡಾಯ. ಪಕ್ಕದ ಫ್ರಾನ್ಸ್‌ಗೆ ಕಾರಿನಲ್ಲಿ ಹೋದರೆ ಹತ್ತು ತುಂಬದವರು ಸಾಮಾನ್ಯವಾಗಿ ಹಿಂದೆಯೇ ಕೂರಬೇಕು. ಎರಡು ದೇಶದ ನಡುವೆ ಮಗುವಿನ ಸೊಂಟ ಬೆಳೆಯುವುದಿಲ್ಲ, ಹಿಂದೆ ಕೂರಿಸಿ. ಮತ್ತೆ, ಊರಿಗೆ ಬಂದಾಗ ಆ ಶಿಸ್ತನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಮಗುವನ್ನು ತೊಡೆ ಮೇಲೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ಹಳೆಯ ಮಕ್ಕಳ ಸೀಟು ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ? (ಶಿವಮೊಗ್ಗ)

ಉತ್ತರ: ಗುರುತಿನವರದ್ದಾಗಿದ್ದರೆ, ಒಮ್ಮೆಯೂ ಅಪಘಾತ ಕಂಡಿಲ್ಲ ಅಂತ ಅವರು ಹೇಳಿದರೆ, ಕೊಳ್ಳಬಹುದು. ಸೀಟನ್ನು ಬೋರಲು ಹಾಕಿ ನೋಡಿ. ಯುರೋಪಿನ ಸೀಟಾದರೆ ಕೆಳಗೋ ಬೆನ್ನಿಗೋ ಕಿತ್ತಳೆ ಬಣ್ಣದ ಚೀಟಿ ಇರಬೇಕು, ಅದರಲ್ಲಿ ಸುರಕ್ಷತಾ ಮಾನದಂಡದ ಹೆಸರು ಆರ್44 ಅಥವಾ ಆರ್129 ಅಂತ ಬರೆದಿರುತ್ತದೆ. ಇದರಲ್ಲಿ ಆರ್129 ಹೊಸದು. ತಯಾರಾದ ತಾರೀಕು ಪ್ಲಾಸ್ಟಿಕ್ಕಿನ ಮೇಲೆಯೇ ಒತ್ತಿರುತ್ತದೆ, ಕಂಪನಿ ಹೇಳಿದ ಅವಧಿ ಮುಗಿದಿದ್ದರೆ ಬೇಡ. ಬಿರುಕು, ಹರಿದ ಪಟ್ಟಿ, ಕಳೆದುಹೋದ ಬಕಲ್ ಇದ್ದರೂ ಬೇಡ. ಚೀಟಿ ಇಲ್ಲದ, ಬಟ್ಟೆ ಹೊದಿಸಿದ ತೆಳು ಸೀಟುಗಳನ್ನು "ಕಾರ್ ಸೀಟು" ಅಂತ ಮಾರುತ್ತಾರೆ. ಅವು ಮಗುವನ್ನು ಕೂರಿಸುತ್ತವೆ, ಹಿಡಿದುಕೊಳ್ಳುವುದಿಲ್ಲ.