ಪ್ರತಿಕ್ರಿಯೆ: ಕಿಟಕಿ ಇದೆ, ಆದರೆ ಬೆಳಕು ಎಲ್ಲಿಂದ? ಮತ್ತಾಯ ಯಾರು?

‘ಸಂತ ಮತ್ತಾಯನ ಕರೆ’ ಚಿತ್ರದಲ್ಲಿ ಕಿಟಕಿ ಇದ್ದರೂ ಬೆಳಕು ಎಲ್ಲಿಂದ ಬರುತ್ತದೆ, ಮೇಜಿನ ಸುತ್ತ ಇರುವವರಲ್ಲಿ ಮತ್ತಾಯ ಯಾರು ಎಂದು ನಿಮ್ಮ ಪ್ರಬಂಧಕ್ಕಾಗಿ ಕೇಳಿದ್ದೀರಿ. ಬೆಳಕು ಕಿಟಕಿಯಿಂದಲೇ ಬರಬೇಕು ಅಂದುಕೊಂಡಿದ್ದೇ ನಿಮ್ಮ ಗೊಂದಲಕ್ಕೆ ಕಾರಣ ಇರಬೇಕು. ಇಟಲಿಯ ಚಿತ್ರಕಾರ ಕಾರವಾಜ್ಜೊ 1599-1600ರಲ್ಲಿ ಬರೆದ ಈ ಚಿತ್ರದಲ್ಲಿ, ಸುಂಕ ವಸೂಲಿ ಮಾಡುವ ಮತ್ತಾಯನನ್ನು ಯೇಸು ಶಿಷ್ಯನಾಗಲು ಕರೆಯುವ ದೃಶ್ಯವಿದೆ. ಅದರಲ್ಲಿ ಕಾಣುವ ಕಿಟಕಿ ಮಂಕಾಗಿದೆ. ಬೆಳಕು ಬರುವುದು ಬಲಗಡೆ ಮೇಲಿನಿಂದ, ಚೌಕಟ್ಟಿನ ಆಚೆಯಿಂದ. ಚಿತ್ರ ಇರುವುದು ರೋಮ್‌ನ ಸಾನ್ ಲುಯಿಜಿ ಚರ್ಚಿನಲ್ಲಿ, ಅದರೊಳಗಿನ ಒಂದು ಚಾಪೆಲ್‌ನ (ಚಿಕ್ಕ ಪ್ರಾರ್ಥನಾ ಕೋಣೆಯ) ಎಡಗೋಡೆಯಲ್ಲಿ. ಪೀಠದ ಮೇಲಿನ ನಿಜವಾದ ಕಿಟಕಿಯೂ ಚಿತ್ರದ ಬಲಕ್ಕೇ ಬರುತ್ತದೆ. ಫೋಟೊದಲ್ಲಿ ಇದು ಗೊತ್ತೇ ಆಗುವುದಿಲ್ಲ.

ಮೊದಲು ಗೋಡೆ ಮೇಲೆ ಓರೆಯಾಗಿ ಬಿದ್ದ ಬೆಳಕಿನ ಅಂಚು ಹುಡುಕಿ. ಅದರ ಕೆಳಗೇ ಯೇಸುವಿನ ಕೈ ಇದೆ. ಆ ಕೈಯ ಬಾಗು ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲೇಂಜೆಲೊ ಬರೆದ, ಬೈಬಲ್‌ನ ಮೊದಲ ಮನುಷ್ಯ ಆದಾಮನ ಕೈಯದ್ದು. ಕ್ರೈಸ್ತರು ಯೇಸುವನ್ನು ಎರಡನೇ ಆದಾಮ ಎನ್ನುತ್ತಾರಲ್ವಾ, ಸಂಕೇತ ಅಲ್ಲಿದೆ. ಆಮೇಲೆ ಪಾದಗಳನ್ನು ನೋಡಿ. ಕರೆಯುತ್ತಿರುವಾಗಲೇ ಯೇಸುವಿನ ಪಾದ ಹೊರಗೆ ಹೋಗಲು ತಿರುಗಿದೆ. ನನಗೆ ಇಡೀ ಚಿತ್ರದಲ್ಲಿ ಜಾಸ್ತಿ ಇಷ್ಟ ಅದೇ. ಯೇಸು, ಜೊತೆಗಿರುವ ಶಿಷ್ಯ ಪೇತ್ರ ಇಬ್ಬರೂ ಬರಿಗಾಲಲ್ಲಿ, ಹಳೇ ಕಾಲದ ಬಟ್ಟೆಯಲ್ಲಿದ್ದಾರೆ. ಮೇಜಿನವರದ್ದು ಚಿತ್ರಕಾರನ ಕಾಲದ ಉಡುಪು, ಗರಿ ಸಿಕ್ಕಿಸಿದ ಟೋಪಿ ಬೇರೆ.

ಈಗ ಮೇಜಿನ ಐವರಲ್ಲಿ ಮತ್ತಾಯ ಯಾರು ಅನ್ನುವುದು. ಇದು ಇನ್ನೂ ತೀರ್ಮಾನ ಆಗಿಲ್ಲ. ಗಡ್ಡದವನು ಎನ್ನುವವರೇ ಹೆಚ್ಚು. ‘ನಾನಾ?’ ಎಂಬಂತೆ ಬೆರಳು ಮಾಡಿದ್ದಾನೆ ಎನ್ನುತ್ತಾರೆ. ಆ ಬೆರಳು ಪಕ್ಕದವನ ಕಡೆಗಿದೆ, ಹಾಗಾಗಿ ಎಡತುದಿಯಲ್ಲಿ ತಲೆ ಬಗ್ಗಿಸಿ ಕಾಸು ನೋಡುತ್ತಿರುವ ಹುಡುಗನೇ ಮತ್ತಾಯ ಎಂದು ಕೆಲವರ ವಾದ. ನನ್ನ ಓಟು ಗಡ್ಡದವನಿಗೆ, ಬೆಳಕು ಅವನ ಮುಖಕ್ಕೆ ಚೆನ್ನಾಗಿ ಬಿದ್ದಿದೆ. ಪ್ರಬಂಧದಲ್ಲಿ ಎರಡನ್ನೂ ಬರೆಯಿರಿ, ನೀವು ಯಾರನ್ನು ಆರಿಸಿದರೂ ಬೆಳಕು, ಬೆರಳು ಎರಡರ ದಿಕ್ಕನ್ನೂ ತೋರಿಸಿ.